ಉಳ್ಳಾಲದ ರಜೆಯ ಅಂಗಿಗಳು

ಎಪ್ಪತ್ತರ ದಶಕದ ಕೊನೆಗೆ ನಾನು ಪುತ್ತೂರಿನಲ್ಲಿ ಟೈಲರ್ ಆಗಿದ್ದೆ. ಬೊಂಬಾಯಿಯಲ್ಲಿ ಇದ್ದು ಬಂದ ವಿಠಲಣ್ಣ ಒಂದು ದಿನ ಅಂಗಡಿಗೆ ಬಂದು, ಗಂಡಸರಿಗೆ ಹೊಸ ನಮೂನೆಯ ಅಂಗಿ ಮಾಡಿ ಮಾರುವ ಎಂದರು. ಸಣ್ಣವರಿದ್ದಾಗ ದೊಡ್ಡ ರಜೆಗೆ ಉಳ್ಳಾಲದಲ್ಲಿ ಕಡಲ ಬದಿಯ ಅತ್ತೆಯ ಮನೆಗೆ ಹೋಗುತ್ತಿದ್ದರಂತೆ. ಆ ಕಡಲಿನ ನೆನಪು ಅಂಗಿಯಲ್ಲಿ ಬರಬೇಕಂತೆ.

"ಕಡಲು ಅಂಗಿಯಲ್ಲಿ ಹೇಗೆ ಬರುದು ಮಾರಾಯ್ರೆ?" ಎಂದೆ.

"ನಿಮಗೆ ಕಲ್ಪನೆ ಇಲ್ಲ. ಬಿಳಿ ಬಟ್ಟೆಗೆ ನೀಲಿ ಪಟ್ಟಿ, ಅದು ತೆರೆ. ಹೆಗಲಿಗೆ ಚಿನ್ನದ ಬಣ್ಣದ ಜರಿ, ಅದು ಕಡಲ ದಂಡೆಯ ಹೊಯಿಗೆ."

ಮದುವೆ ಸೀಸನಿನ ಕೆಲಸ ಬದಿಗಿಟ್ಟು ಹೊಲಿದೆ. ವಿಠಲಣ್ಣ ಅವನ್ನು ಸುಳ್ಯ, ಕಡಬದ ಜವಳಿ ಅಂಗಡಿಗಳಿಗೆಲ್ಲ ಹೊತ್ತರು. ಯಾರೂ ತೆಗೆದುಕೊಳ್ಳಲಿಲ್ಲ. ತನಗೊಂದು ಇಟ್ಟುಕೊಂಡು, "ಉಳಿದದ್ದು ಯಾರಿಗಾದರೂ ಕೊಡಿ" ಎಂದು ನನ್ನ ಅಂಗಡಿಯಲ್ಲಿ ಬಿಟ್ಟುಹೋದರು. ಸವಣೂರಿನ ಬ್ಯಾಂಡ್‌ಸೆಟ್ಟಿನವರು ನೋಡಿದ ಕೂಡಲೇ ಅಷ್ಟನ್ನೂ ಕೊಂಡುಹೋದರು.

ಸ್ವಲ್ಪ ದಿನದಲ್ಲೇ ಕಡಬದಲ್ಲಿ ಒಂದು ಮದುವೆಗೆ ಹೋಗಿದ್ದೆ. ದಿಬ್ಬಣದ ಮುಂದೆ ಅದೇ ಅಂಗಿ ಹಾಕಿದ ಬ್ಯಾಂಡಿನವರು. ಅವರ ಬೆನ್ನಿಗೇ, ತನ್ನ ಅಂಗಿ ಹಾಕಿಕೊಂಡು ವಿಠಲಣ್ಣ! ಹುಡುಗಿಯ ಕಡೆಯ ಹಿರಿಯರೊಬ್ಬರು ಅವರನ್ನು ಬಾಗಿಲಲ್ಲೇ ತಡೆದರು.

"ನಿಮ್ಮ ವಾದ್ಯ ಎಲ್ಲಿ ಉಂಟು?"

"ನಾನು ಮದುಮಗನ ಸೋದರಮಾವ!"

"ಯಾರ ಮಾವ ಆದರೂ ಬ್ಯಾಂಡಿನವರಿಗೆ ಊಟ ಎರಡನೇ ಪಂಕ್ತಿಯಲ್ಲಿ."

ವಿಠಲಣ್ಣ ಮುಖ ಕೆಂಪಗೆ ಮಾಡಿಕೊಂಡು ನನ್ನನ್ನು ಹುಡುಕಿಕೊಂಡು ಬಂದರು. "ನನ್ನ ಬಾಲ್ಯವನ್ನು ಬ್ಯಾಂಡಿನವರಿಗೆ ಮಾರಿದಿರಲ್ಲ!"

ಬೇರೆ ಯಾರಿಗೂ ಅದು ಬೇಡವಾಗಿತ್ತು ಎಂದು ನಾನು ಹೇಳಲಿಲ್ಲ. ಕಾಲರ್ ಚೆನ್ನಾಗಿ ಕೂತಿದೆ ಎಂದು ಮಾತ್ರ ಹೇಳಿದೆ.