ಚಾವಿ ತೆಗೆದ ಮೇಲೂ ನಡೆದ ಗಾಡಿ

ಅವತ್ತು ಮಗ್ಗಕ್ಕೆ ಸುಟ್ಟಿ, ವಾರದ ರಜೆ. ಅಣ್ಣ ಮುಂಜಾನೆಯೇ ಎದ್ದು ಗಾಡಿ ತೊಳೆದು, ಹಿಂದಿನ ಸೀಟಿಗೆ ಒಗೆದ ಚಾದರ ಹಾಸಿದ್ದ. ವೈನಿಯನ್ನು, ಅಂದರೆ ಅತ್ತಿಗೆಯನ್ನು, ಗಡಹಿಂಗ್ಲಜಕ್ಕೆ, ಅವರ ಮಗಳ ಗಂಡನ ಮನೆಗೆ ಬಿಟ್ಟು ಬರಬೇಕಿತ್ತು. ಮಗಳು ಏಳು ತಿಂಗಳ ಬಸುರಿ. ವೈನಿ ಎರಡು ದಿನ ಅಲ್ಲೇ ಇರುವುದು, ನಾವಿಬ್ಬರೂ ಸಂಜೆಯೊಳಗೆ ಮಹಾರಾಷ್ಟ್ರದ ನಮ್ಮೂರು ಇಚಲಕರಂಜಿಗೆ ತಿರುಗಿ ಬರುವುದು ಎಂದು ಮಾತಾಗಿತ್ತು.

ಗಾಡಿ ಅಂದರೆ ಹಳೇ ಕಾರು. ಅಣ್ಣ ಕೆಲಸ ಮಾಡುತ್ತಿದ್ದ ಮಗ್ಗದ ಮಾಲಕರ ಹಿತ್ತಲಲ್ಲಿ ವರ್ಷಗಟ್ಟಲೆ ನಿಂತಿತ್ತು, ಅದರೊಳಗೆ ಕೋಳಿಗಳು ಕಾವು ಕೂರುತ್ತಿದ್ದವು. ಅಣ್ಣ ಅದನ್ನು ಕೇಳಿ ತಂದ. ಏರು ಬಂದರೆ ಅದು ಉಸಿರು ಬಿಡುತ್ತಿತ್ತು. ಶಕ್ತಿ ಹೆಚ್ಚಲಿ ಎಂದು ಲೇಥಿನವನ ಹತ್ತಿರ ಎಂಜಿನ್ನಿನ ಹೆಡ್ಡು ತಾಸಿಸಿದ, ಹೆರೆಸಿ ತೆಳು ಮಾಡಿಸಿದ. ಬೇರೆ ದೊಡ್ಡ ಗಾಡಿಯ ಕಾರ್ಬುರೇಟರ್ ತಂದು ಕೂರಿಸಿದೆವು. ಕೂರಿಸಿದ್ದು ನಾನು. ನಾನು ಜಾಬರ್, ಕೆಟ್ಟ ಮಗ್ಗ ದುರಸ್ತಿ ಮಾಡುವವನು. ಪಾನಾ, ಅಂದರೆ ಸ್ಪ್ಯಾನರ್, ಹಿಡಿಯಲು ಬಂದರೆ ಎಲ್ಲ ಯಂತ್ರವೂ ಒಂದೇ ಎಂದು ಆಗ ತಿಳಿದಿದ್ದೆ.

ಆಮೇಲೆ ಗಾಡಿ ಏರು ಹತ್ತಿತು. ಆದರೆ ಒಂದು ಚಾಳಿ ಹಿಡಿಯಿತು. ಚಾವಿ ತಿರುವಿ ಕೈಗೆ ತೆಗೆದುಕೊಂಡರೂ ಎಂಜಿನ್ನು ನಿಲ್ಲುತ್ತಿರಲಿಲ್ಲ. ಢಗ್ ಢಗ್ ಎಂದು ಮೈಯೆಲ್ಲ ನಡುಗಿಸಿ, ಕೊನೆಗೊಮ್ಮೆ ಸೀನಿದ ಹಾಗೆ ಮಾಡಿ ಸುಮ್ಮನಾಗುತ್ತಿತ್ತು.

ಗಡಹಿಂಗ್ಲಜದಲ್ಲಿ ಬೀಗರ ಮನೆ ಮುಂದೆಯೂ ಹಾಗೇ ಆಯಿತು. ಅಣ್ಣ ಇಳಿದು, ಬಾಗಿಲು ಹಾಕಿ, ಕೈ ಮುಗಿದ. ಗಾಡಿ ಇನ್ನೂ ಢಗ್ ಅನ್ನುತ್ತಲೇ ಇತ್ತು. ಬೀಗರು ಕಟ್ಟೆಯ ಮೇಲೆ ಕೂತಿದ್ದರು.

"ಏನ್ರೀ ಬೀಗರ, ನೀವು ನಿಂತ್ರಿ, ಗಾಡಿಗೆ ನಿಂದ್ರಾಕ ಮನಸಿಲ್ಲೇನು?"

"ನಿಮ್ಮ ಮನಿ ಚಹಾ ಕುಡೀದ ನಿಂದ್ರೂದಿಲ್ಲ ಅಂತೈತ್ರೀ ಅದು," ಅಂದ ಅಣ್ಣ.

"ಹಂಗಾರ ಅದಕ್ಕೂ ಒಂದ ಕಪ್ಪ ತಗೊಂಬಾರವ್ವಾ," ಎಂದು ಬೀಗರು ಒಳಗೆ ಕೂಗಿದರು.

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಆದರೆ ಚಹಾ ಕುಡಿಯುವಾಗ ಅವನು ಎರಡು ಸಲ ಹೊರಗೆ ಗಾಡಿಯ ಕಡೆ ನೋಡಿದ.

ತಿರುಗಿ ಬರುವಾಗ ಕಾಗಲ ಊರಿನ ಹತ್ತಿರ ಅಣ್ಣ ಮಾತು ತೆಗೆದ.

"ತಮ್ಮಾ, ಇದನ್ನೊಮ್ಮಿ ನೋಡಿಬಿಡೋ. ಕೂಸು ಹುಟ್ಟಿದ ಮ್ಯಾಲ ಇದರಾಗ ಕರಕೊಂಡ ಬರೂದೈತಿ. ಮಂದಿ ಮುಂದ ನಾಚಿಗಿ ಆಗತೈತಿ."

"ಅದು ಓಟದ ಜೋರಿಗೆ ನಡೀತೈತೋ ಅಣ್ಣಾ. ಮಗ್ಗಾ ಬಂದ ಮಾಡಿದ ಮ್ಯಾಲೂ ನಾಕ ಏಟ ಹೊಡೀತೈತಿಲ್ಲ, ಹಂಗ."

"ನಾಕ ಆಗಿದ್ರ ನಾ ಯಾಕ ಕೇಳತಿದ್ದೆ? ಇವತ್ತ ಎಣಿಸೇನಿ, ಹನ್ನೆರಡ."

"ಮುಂದಿನ ಸುಟ್ಟೀಗೆ ನೋಡೂಣು ಬಿಡು."

"ನಿನ್ನ ಮುಂದಿನ ಸುಟ್ಟಿ ಬರೂದ್ರಾಗ ಆ ಕೂಸ ಗಾಡಿ ಹೊಡೀತೈತಿ ನೋಡ," ಎಂದು ನಕ್ಕ. ನಾನೂ ನಕ್ಕೆ. ಎರಡು ವರ್ಷದಿಂದ ಅವನು ಕೇಳುತ್ತಿದ್ದ, ಎರಡು ವರ್ಷದಿಂದ ನಾನು ಇದನ್ನೇ ಹೇಳುತ್ತಿದ್ದೆ.

ಮರುದಿನ ಮುಂಜಾನೆ ಪಾಳಿಗೆ ಹೊರಡುವಾಗ ಅವನು ಹೊಸ್ತಿಲಲ್ಲೇ ಕುಳಿತುಬಿಟ್ಟ. ಎದೆ ಹಿಡಿದುಕೊಂಡಿದ್ದ, ಅಂಗಿ ಬೆವರಿನಿಂದ ತೊಯ್ದಿತ್ತು. ಓಣಿಯ ಡಾಕ್ಟರು ನೋಡಿದವರೇ, ತಡ ಮಾಡಬೇಡಿ, ಕೊಲ್ಹಾಪುರಕ್ಕೆ ಒಯ್ಯಿರಿ ಅಂದರು. ಆ ಚಾದರ ಹಾಸಿದ ಸೀಟಿನ ಮೇಲೆ ಅವನನ್ನು ಮಲಗಿಸಿ ನಾನೇ ಗಾಡಿ ಹೊಡೆದೆ. ಅಷ್ಟು ಜೋರಾಗಿ ಆ ಗಾಡಿಯನ್ನು ಯಾರೂ ಎಂದೂ ಓಡಿಸಿರಲಿಲ್ಲ. ದಾರಿಯಲ್ಲಿ ಅವನು ಮಾತಾಡಿದ್ದು ಒಂದೇ ಸಲ. "ಸಾವಕಾಶ ಹೋಗೋ," ಅಂದ.

ಆಸ್ಪತ್ರೆಯ ಬಾಗಿಲ ಮುಂದೆ ಸಣ್ಣ ಏರು. ಅಲ್ಲಿ ನಿಲ್ಲಿಸಿದೆ. ಇಬ್ಬರು ಸ್ಟ್ರೆಚರ್ ತಂದು ಅಣ್ಣನನ್ನು ಎತ್ತಿಕೊಂಡರು. ಅವನು ನನ್ನ ಕಡೆ ನೋಡಿದ.

"ನಡೀ ಅಣ್ಣಾ, ನಾ ಬಂದೆ," ಅಂದೆ.

ಚಾವಿ ತೆಗೆದೆ. ಗಾಡಿ ನಿಲ್ಲಲಿಲ್ಲ. ಹಿಂದೆ ಒಂದು ಆಂಬುಲೆನ್ಸ್ ಬಂದು ಹಾರ್ನ್ ಹಾಕತೊಡಗಿತು. ವಾಚ್‌ಮನ್ ಓಡಿ ಬಂದು, "ಅಹೋ, ಬಂದ ಕರಾ ಗಾಡಿ!" ಗಾಡಿ ನಿಲ್ಲಿಸಿ ಎಂದು ಮರಾಠಿಯಲ್ಲಿ ಕೂಗಿ ಬಾನೆಟ್ ಬಡಿದ. ನಾನು ಕೈಯಲ್ಲಿದ್ದ ಚಾವಿ ಎತ್ತಿ ತೋರಿಸಿದೆ. ಅವನು ಚಾವಿಯನ್ನೂ ಗಾಡಿಯನ್ನೂ ನೋಡಿದ, ನಾನು ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡ. ಎಂಜಿನ್ನು ಕಾದಿತ್ತು, ಹನ್ನೆರಡು ಏಟಿಗೆಲ್ಲ ನಿಲ್ಲುವ ಹಾಗಿರಲಿಲ್ಲ. ನಾಲ್ಕನೇ ಗೇರಿಗೆ ಹಾಕಿ, ಬ್ರೇಕ್ ತುಳಿದು, ಕ್ಲಚ್ ಬಿಟ್ಟರೆ ಅದು ಸಾಯುತ್ತದೆ ಎಂದು ಗೊತ್ತಿತ್ತು. ಅಣ್ಣ ಹಾಗೆ ಮಾಡುತ್ತಿದ್ದ. ನಾನು ಅವಸರದಲ್ಲಿ ಬ್ರೇಕ್ ಅರ್ಧವೇ ತುಳಿದಿದ್ದೆ. ಕ್ಲಚ್ ಬಿಟ್ಟಾಗ ಗಾಡಿ ಮುಂದೆ ಜಿಗಿದು, ಬಾಗಿಲಲ್ಲಿದ್ದ ಮಂದಿ ಚೆದುರಿದರು. ಹೇಗೋ ನಿಂತಿತು. ಆಮೇಲೆ ಅಲ್ಲಿಂದ ತೆಗೆಯಲು ಮತ್ತೆ ಚಾಲೂ ಮಾಡಿ, ಗೋಡೆಯ ಪಕ್ಕ ಒಯ್ದು ನಿಲ್ಲಿಸಿದೆ. ಅಲ್ಲಿಯೂ ನಡೆಯುತ್ತಲೇ ಇತ್ತು. ಮತ್ತೆ ಜಿಗಿದೀತೆಂದು ಕ್ಲಚ್ ಬಿಡಲು ಹೋಗಲಿಲ್ಲ.

ಅದನ್ನು ಹಾಗೇ ಬಿಟ್ಟು ಓಡಬಹುದಿತ್ತು. ನಡೆಯುವ ಯಂತ್ರ ಬಿಟ್ಟು ಹೋಗಬಾರದು ಎಂದು ಮೂವತ್ತು ವರ್ಷ ಮಗ್ಗದಲ್ಲಿ ಕಲಿತವನು ನಾನು. ಅದು ಸೀನಿ ಸುಮ್ಮನಾಗುವವರೆಗೂ ಬ್ರೇಕಿನ ಮೇಲೆ ಕಾಲಿಟ್ಟು ಕೂತಿದ್ದೆ. ಒಳಗೆ ಹೋದಾಗ ಗಾಜಿನ ಬಾಗಿಲು ಮುಚ್ಚಿತ್ತು. ಅದು ತೆರೆದಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು.

ಅಣ್ಣ ಹೋಗಿಬಿಟ್ಟಿದ್ದ. ಮುಂಚೆ ಬಂದಿದ್ದರೂ ಉಪಯೋಗ ಆಗುತ್ತಿರಲಿಲ್ಲ ಎಂದು ಅವರು ಹೇಳಿದರು. ನಂಬಿದ್ದೇನೆ. ನನ್ನ ಚಿಂತೆ ಅದಲ್ಲ.

ಎರಡು ತಿಂಗಳ ಮೇಲೆ ಕೂಸು ಹುಟ್ಟಿತು. ಹೆಣ್ಣು. ವೈನಿ ನನ್ನನ್ನು ಕರೆದು, "ಕೂಸಿನ್ನ ಅವರ ಗಾಡ್ಯಾಗ ಕರಕೊಂಡ ಬರೂಣ್ರಿ. ಅವರ ಆಸೆ ಇತ್ತು," ಅಂದರು. ಅಲ್ಲಿಯವರೆಗೆ ಗಾಡಿಯನ್ನು ನಾನು ಮುಟ್ಟಿರಲಿಲ್ಲ. ಚಾದರ ಕೂಡ ಹಾಗೇ ಇತ್ತು.

ಕೊಲ್ಹಾಪುರದಲ್ಲಿ ಹಳೇ ಗಾಡಿಗಳನ್ನೇ ದುರಸ್ತಿ ಮಾಡುವ ಒಬ್ಬ ಮುದುಕ ಮಿಸ್ತ್ರಿ ಇದ್ದಾರೆ ಎಂದು ಕೇಳಿ ಅಲ್ಲಿಗೆ ಒಯ್ದೆ. ಅವರ ತಾಯಿ ನಿಪ್ಪಾಣಿಯವಳಂತೆ, ಕನ್ನಡ ಬರುತ್ತಿತ್ತು. ಚಾವಿ ತೆಗೆಸಿ, ಕೈ ಕಟ್ಟಿಕೊಂಡು, ಪೂರ್ತಿ ನಿಲ್ಲುವವರೆಗೆ ಕೇಳಿದರು.

"ಓಟದ ಜೋರಿಗೆ ನಡೀತೈತ್ರಿ," ಅಂದೆ. ಅಣ್ಣನಿಗೆ ಹೇಳಿದ್ದನ್ನೇ ಇವರಿಗೂ ಹೇಳಿದೆ.

"ಯಾರ ಹೇಳಿದ್ರು ಹಂಗ? ಅವರಿಗೆ ಎಂಜಿನ್ ಗೊತ್ತಿಲ್ಲ," ಅಂದರು. "ಓಟ ಅಲ್ಲ ಇದು, ಬೆಂಕಿ. ಚಾವಿ ತಗದ್ರ ಕಿಡಿ ಅಷ್ಟ ಬಂದ. ಒಳಗ ಮಸಿ ಕೂತು ಕೆಂಡ ಆಗೇತಿ. ಹೆಡ್ ತಾಸೀರಿ, ಒತ್ತಡ ಹೆಚ್ಚಾತು. ಪೆಟ್ರೋಲ್ ಬರ್ತನ ಐತಿ. ಮತ್ತ್ಯಾಕ ನಿಂದ್ರತೈತಿ?"

ಅವರು ಒಂದೊಂದಾಗಿ ನೋಡಿದರು. ಮೊದಲು ಸುಮ್ಮನೆ ನಿಂತಾಗಿನ ಓಟ ಇಳಿಸಿದರು. ನಡುಕ ಮುಚ್ಚಲು ನಾನು ಅದನ್ನು ಏರಿಸಿಟ್ಟಿದ್ದೆ. ಹನ್ನೆರಡು ಇದ್ದದ್ದು ಎಂಟಾಯಿತು. ಕಿಡಿಯ ಹೊತ್ತು ಸರಿಮಾಡಿದರು. ಪ್ಲಗ್ಗು ಬಿಚ್ಚಿ ಅದರ ಸುಟ್ಟ ತುದಿ ತೋರಿಸಿ, ಬೇಗ ಆರುವ ಬೇರೆ ಪ್ಲಗ್ಗು ಹಾಕಿದರು. ಐದಾಯಿತು. ಪ್ರತಿ ಸಲವೂ ನಾನು ಅಣ್ಣನ ಹಾಗೆ ಬೆರಳು ಮಡಚಿ ಎಣಿಸುತ್ತಿದ್ದೆ.

ಆಮೇಲೆ ಕಾರ್ಬುರೇಟರಿನ ಪಕ್ಕದ ಒಂದು ಸಣ್ಣ ಹಿತ್ತಾಳೆಯ ಡಬ್ಬಿ ಬಿಚ್ಚಿ ಅಂಗೈ ಮೇಲೆ ಅಲ್ಲಾಡಿಸಿದರು. ಏನೂ ಬೀಳಲಿಲ್ಲ.

"ಇದರಾಗಿನ ಸೂಜಿ ಎಲ್ಲಿ? ಚಾವಿ ತಗದ ಕೂಡ್ಲೆ ಪೆಟ್ರೋಲ್ ದಾರಿ ಮುಚ್ಚೂದು ಅದ. ಯಾವ ಶಾಣ್ಯಾ ತಗದಾ ಇದನ್ನ?"

ನಾನು ತೆಗೆದಿದ್ದೆ.

ಮಗ್ಗದಲ್ಲಿ ಅಡ್ಡ ನೂಲು ಹರಿದರೆ ಮಗ್ಗ ತಾನೇ ನಿಲ್ಲಲಿ ಎಂದು ಒಂದು ಸಣ್ಣ ಮುಳ್ಳು ಇರುತ್ತದೆ. ಅದು ಇದ್ದರೆ ಮಗ್ಗ ಮತ್ತೆಮತ್ತೆ ನಿಲ್ಲುತ್ತದೆ, ಅರಿವೆ ಕಡಿಮೆ ಇಳಿಯುತ್ತದೆ. ಮಾಲಕರು ಜಾಬರನನ್ನು ಕರೆದು, ಅದನ್ನು ಕಟ್ಟಿಹಾಕು ಅನ್ನುತ್ತಾರೆ. ನಾವು ಕಟ್ಟಿಹಾಕುತ್ತೇವೆ. ಇಚಲಕರಂಜಿಯಲ್ಲಿ ನಾನು ಕಟ್ಟಿಹಾಕಿದ ಮುಳ್ಳುಗಳಿಗೆ ಲೆಕ್ಕವಿಲ್ಲ. ಯಂತ್ರವನ್ನು ನಿಲ್ಲಿಸುವ ಭಾಗ ಅಂದರೆ ನನ್ನ ಕೈಗೆ ಅದು ತಕರಾರಿನ ಭಾಗ. ಆ ಕಾರ್ಬುರೇಟರ್ ಕೂರಿಸಿದ ದಿನ ಎಂಜಿನ್ನು ಹತ್ತಿ ಹತ್ತಿ ಆರುತ್ತಿತ್ತು. ಆ ಡಬ್ಬಿಗೆ ಒಂದು ವೈರ್ ಎಳೆಯಬೇಕಿತ್ತು, ನನಗೆ ತಿಳಿಯಲಿಲ್ಲ. ಒಳಗಿನ ಸೂಜಿ ದಾರಿ ಮುಚ್ಚಿದ್ದು ಕಂಡಿತು. ಕಿತ್ತು ಎಸೆದು, ಖಾಲಿ ಡಬ್ಬಿಯನ್ನು ಮತ್ತೆ ತಿರುವಿ ಕೂರಿಸಿದೆ. ಎಂಜಿನ್ನು ಚಂದ ನಡೆಯಿತು. ಅಣ್ಣ ನನ್ನ ಬೆನ್ನು ಚಪ್ಪರಿಸಿ, "ಜಾಬರ್ ಅಂದ್ರ ನಮ್ಮ ತಮ್ಮ," ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದ್ದ.

ಮಿಸ್ತ್ರಿ ಹೊಸ ಡಬ್ಬಿ ಹಾಕಿ ವೈರ್ ಎಳೆದರು. ನನಗೆ ತರಿಸಿಕೊಟ್ಟ ಚಹಾ ಆರುವುದರೊಳಗೆ ಕೆಲಸ ಮುಗಿಯಿತು. ಚಾವಿ ತೆಗೆದೆ. ಗಾಡಿ ಅಲ್ಲೇ ನಿಂತಿತು. ಒಂದು ಏಟೂ ಇಲ್ಲ. ಮಸಿಯನ್ನು ಬೇಕಾದರೆ ಮುಂದೆ ಹೆಡ್ ಬಿಚ್ಚಿದಾಗ ಕೆರೆಯೋಣ ಅಂದರು.

ಅಲ್ಲಿಂದ ನೇರ ಮನೆಗೆ ಹೋಗಬೇಕಿತ್ತು. ಯಾಕೋ ಆಸ್ಪತ್ರೆಗೆ ಹೋದೆ. ಅದೇ ಏರಿನ ಮೇಲೆ ನಿಲ್ಲಿಸಿ ಚಾವಿ ತೆಗೆದೆ. ತಕ್ಷಣ ನಿಂತಿತು. ಅವತ್ತು ಅಣ್ಣನನ್ನು ಒಳಗೆ ಒಯ್ದ ಇಬ್ಬರಲ್ಲಿ ಒಬ್ಬ ಬಾಗಿಲ ಹತ್ತಿರ ಸ್ಟ್ರೆಚರ್ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದ. ಗುರುತು ಹಿಡಿದಿದ್ದ. ನನ್ನನ್ನಲ್ಲ, ಗಾಡಿಯನ್ನು.

"ಆತಾ ಬಂದ ಹೋತೇ ಕಾ?" ಈಗ ನಿಲ್ಲುತ್ತದೆಯೇ ಎಂದು ಕೇಳಿದ.

ಹೌದು ಅಂದೆ. ಅವತ್ತು ನನ್ನ ಅಣ್ಣ ನಿನ್ನ ಜೊತೆ ಏನಾದರೂ ಮಾತಾಡಿದನೇ ಎಂದು ನನಗೆ ಬರುವ ಮರಾಠಿಯಲ್ಲಿ ಕೇಳಿದೆ. ಅವನು ಸ್ವಲ್ಪ ಯೋಚಿಸಿ ಹೇಳಿದ: "ಬೋಲಲೇ ಕೀ. ಹಾತ ಧರಲಾ ಮಾಝಾ. ಪಣ ಕಾನಡೀತ ಬೋಲಲೇ. ಮಲಾ ನಾಹೀ ಸಮಜಲಂ."

ಅಣ್ಣ ಅವನ ಕೈ ಹಿಡಿದು ಕನ್ನಡದಲ್ಲಿ ಮಾತಾಡಿದ್ದ, ಅದು ಅವನಿಗೆ ತಿಳಿಯಲಿಲ್ಲ. ನನ್ನ ಅಣ್ಣ ಮರಾಠಿಯವರ ಜೊತೆ ಎಂದೂ ಕನ್ನಡ ಆಡಿದವನಲ್ಲ, ಅವನ ಮರಾಠಿ ನನ್ನದಕ್ಕಿಂತ ಚಲೋ ಇತ್ತು. ಹಿಡಿದ ಕೈ ನನ್ನದು ಅಂದುಕೊಂಡಿದ್ದ.

ಮುಂದಿನ ಸುಟ್ಟಿಯ ದಿನ ವೈನಿಯೂ ನಾನೂ ಹೋಗಿ ಕೂಸನ್ನೂ ತಾಯಿಯನ್ನೂ ಕರೆದುಕೊಂಡು ಬಂದೆವು. ಬೀಗರ ಮನೆ ಮುಂದೆ ಗಾಡಿ ಚಾವಿಯ ಜೊತೆಗೇ ನಿಂತಿತು. ಬೀಗರು ಅದನ್ನು ನೋಡಿ, ಚಹಾ ತರಲು ಒಳಗೆ ಕೂಗಿದರು. ಆಸ್ಪತ್ರೆಯ ಮಾತನ್ನು ನಾನು ವೈನಿಗೆ ಹೇಳಿಲ್ಲ. ಹೇಳಿದರೆ, ಏನಂದರು ಎಂದು ಅವರು ಕೇಳುತ್ತಾರೆ.

ಅಣ್ಣ ಏನಂದ ಎಂಬುದು ನನಗೆ ಗೊತ್ತಿಲ್ಲ.