ಹಿಂದೆ ಫ್ರಿಜ್ ಇರಲಿ

ನಮ್ಮ ಮನೆಯ ಆಲ್ಬಮ್ ತಿರುವಿ ಹಾಕಿದವರಿಗೆ ಈ ಕುಟುಂಬದ ಅತ್ಯಂತ ಹಿರಿಯ ಸದಸ್ಯರು ಯಾರೆಂಬ ಬಗ್ಗೆ ಸಂದೇಹವೇ ಉಳಿಯಲಾರದು: ಅದು ನಮ್ಮ ಫ್ರಿಜ್. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಪುಟ್ಟ ಫ್ಲಾಟಿನಲ್ಲಿ ನಾಲ್ಕು ಜನ ಸಾಲಾಗಿ ನಿಲ್ಲಲು ಜಾಗವಿರುವುದು ಅದರ ಮುಂದೆ ಮಾತ್ರವಾದ್ದರಿಂದ, ನನ್ನ ಸೀಮಂತ, ಮಗಳ ನಾಮಕರಣ, ಮೈದುನನ ನಿಶ್ಚಿತಾರ್ಥ ಎಲ್ಲಕ್ಕೂ ಅದೇ ಬಿಳಿ ಬಾಗಿಲು ಸಾಕ್ಷಿಯಾಗಿ ನಿಂತಿದೆ. ಕೆಲವು ಚಿತ್ರಗಳಲ್ಲಿ ಅದರ ಮೇಲಿನ ಬಾಳೆಹಣ್ಣಿನ ಬುಟ್ಟಿ ಯಾರದೋ ತಲೆಗೆ ಕಿರೀಟವೂ ಆಗಿದೆ. ಇಷ್ಟು ವರ್ಷ ನನಗೆ ಇದರಲ್ಲಿ ಯಾವ ದೋಷವೂ ಕಂಡಿರಲಿಲ್ಲ. ದೋಷ ಕಾಣಬೇಕಾದರೆ ವಿದ್ಯೆ ಬೇಕಲ್ಲ!

ಆ ವಿದ್ಯೆಯನ್ನು ನಾನು ಐವತ್ತೆರಡನೆಯ ವಯಸ್ಸಿನಲ್ಲಿ, ಠಾಣೆಯ ನೌಪಾಡಾದಲ್ಲಿ ನಡೆಯುವ ಭಾನುವಾರದ ತರಗತಿಯೊಂದರಲ್ಲಿ ಸಂಪಾದಿಸಿದೆ. ಮಗಳು ಹಟ ಹಿಡಿದು ತೆಗೆಸಿಕೊಂಡು ಎರಡೇ ತಿಂಗಳಲ್ಲಿ ಮರೆತ ಡಿಜಿಟಲ್ ಕ್ಯಾಮೆರಾ ಕಪಾಟಿನಲ್ಲಿ ಕೂತಿತ್ತು. ಉಳಿದ ಅನ್ನವನ್ನೂ ಕೊಂಡ ಸಾಮಾನನ್ನೂ ದಂಡ ಮಾಡುವುದು ನಮ್ಮ ಉಡುಪಿ ಕಡೆಯವರಿಗೆ ಆಗದ ಮಾತು. ಸಹಪಾಠಿಗಳೆಲ್ಲ ಕಾಲೇಜು ಮಕ್ಕಳು. ಮೊದಲ ದಿನ ಕ್ಯಾಮೆರಾ ಕಣ್ಣಿಗೊತ್ತಿಕೊಂಡು ಕತ್ತಲೆಯನ್ನೇ ತದೇಕಚಿತ್ತದಿಂದ ನೋಡುತ್ತಿದ್ದ ನನಗೆ ನೆರೂಳದಿಂದ ಬರುತ್ತಿದ್ದ ಹುಡುಗಿಯೊಬ್ಬಳು, "ಆಂಟಿ, ಪಹಲೇ ಢಕ್ಕನ್ ತೋ ನಿಕಾಲೋ" ಎಂದು, ಮೊದಲು ಮುಚ್ಚಳ ತೆಗೆಯಬೇಕೆಂಬ ಜ್ಞಾನೋದಯ ಮಾಡಿಸಿದಳು.

ಅಲ್ಲಿ ಕಲಿತದ್ದು ಮುಖ್ಯವಾಗಿ ಎರಡು. ಮುಖವೇ ಮುಖ್ಯ, ಹಿನ್ನೆಲೆಯೆಲ್ಲ ಬರೀ ಗದ್ದಲ ಎಂಬುದು ಮೊದಲನೆಯದು. ತಿದ್ದುವಾಗ ಏನನ್ನೂ ಅಳಿಸಬೇಡಿ, ಮುಚ್ಚಿಡಿ ಎಂಬುದು ಎರಡನೆಯದು. ಕಂಪ್ಯೂಟರಿನಲ್ಲಿ ಕಪ್ಪು ಕುಂಚ ಆಡಿಸಿದರೆ ಬೇಡದ್ದು ಮರೆಯಾಗುತ್ತದೆ, ಬಿಳಿ ಕುಂಚ ಆಡಿಸಿದರೆ ಮರಳಿ ಬರುತ್ತದೆ. ಮರಳಿ ತರುವ ಪಾಠದ ಹೊತ್ತಿಗೆ ನಾನು ಆಕಳಿಸುತ್ತಿದ್ದೆ. ಮರೆಮಾಡುವುದರಲ್ಲೇ ನನ್ನ ಆಸಕ್ತಿ. ಹೊಸದಾಗಿ ಮಡಿ ಕಲಿತ ಸೊಸೆಯ ಹಾಗೆ ನನಗೆ ಎಲ್ಲೆಲ್ಲೂ ಮೈಲಿಗೆಯೇ ಕಾಣತೊಡಗಿತು.

ಒಂದು ಮುಖದ ಚಿತ್ರ ತೆಗೆದು ತಿದ್ದಿ ತರಬೇಕೆಂದು ಮನೆಪಾಠ ಸಿಕ್ಕಿದಾಗ ನನ್ನ ಕಣ್ಣಿಗೆ ಬಿದ್ದವರು ಶ್ರೀಧರ ಮಾವ, ನನ್ನ ಅಮ್ಮನ ತಮ್ಮ. ಕಲ್ಯಾಣ ಸ್ಟೇಷನ್ನಿನ ಹತ್ತಿರ ಅವರದೊಂದು ಸಸ್ಯಾಹಾರಿ ಹೋಟೆಲು; ಬೆಳಗಿನಿಂದ ಸಂಜೆಯವರೆಗೆ ಹಣ ಎಣಿಸುವ ಗಲ್ಲೆಯ ಹಿಂದೆ ಅವರು. ಆ ವಾರ ಕಳೆದು ಮುಂದಿನ ಗುರುವಾರ ಅವರ ಹೃದಯದ ಶಸ್ತ್ರಚಿಕಿತ್ಸೆ ನಿಶ್ಚಯವಾಗಿತ್ತು. ಇನ್ನು ತಡ ಮಾಡಬಾರದೆಂದು ವೈದ್ಯರು ಖಂಡಿತವಾಗಿ ಹೇಳಿದ್ದರು. ಅವರಿಂದ ಒಂದು 'ಹ್ಞೂಂ' ಹೊರಡಿಸಲು ಅವರ ಹೆಂಡತಿ, ನನ್ನ ಅತ್ತೆ, ನಾಲ್ಕು ತಿಂಗಳು ಜಗಳವಾಡಿ, ಉಪವಾಸ ಕೂತು, ಅತ್ತಿದ್ದರು.

ಗಲ್ಲೆಯಲ್ಲಿ ಕೂತಿದ್ದಾಗಲೇ ಮಾವನ ಚಿತ್ರ ತೆಗೆದೆ. ಆಮೇಲೆ ಅದರ ಬಣ್ಣ ಇಳಿಸಿ ಕಪ್ಪುಬಿಳುಪು ಮಾಡಿದೆ, ಸುತ್ತಲಿನದೆಲ್ಲ ಮುಚ್ಚಿ ಬೂದಿಬಣ್ಣ ಹರಡಿದೆ, ಅಂಚಿಗೆ ಮೆಲ್ಲನೆ ಕತ್ತಲೆ ತುಂಬಿದೆ. ತರಗತಿಯಲ್ಲಿ ಚಪ್ಪಾಳೆ ಬಿತ್ತು. ಆ ಉಬ್ಬಿನಲ್ಲೇ ಅದಕ್ಕೆ ಕಟ್ಟು ಹಾಕಿಸಿ, ಸೋಮವಾರ ಕಲ್ಯಾಣಕ್ಕೆ ಹೋಗಿ ಗಲ್ಲೆಯ ಮೇಲೆ ಬಿಚ್ಚಿದೆ. ಗಲ್ಲೆಯ ಮೇಲ್ಗಡೆ ಗೋಡೆಯಲ್ಲಿ ತೀರಿಹೋದ ಅಜ್ಜನ ಚಿತ್ರವಿದೆ: ಅದೇ ಕಪ್ಪುಬಿಳುಪು, ಅದೇ ಬೂದಿಬಣ್ಣ, ಅಳತೆಯೂ ಅದೇ. ಗಂಧದ ಮಾಲೆ ಮತ್ತು ಕೆಂಪು ಬಲ್ಬು ಮಾತ್ರ ಹೆಚ್ಚು. ಹುಟ್ಟಿದಾಗಿನಿಂದ ನೋಡಿದ ಆ ಚಿತ್ರ ನನಗೆ ನೆನಪಾಗಲೇ ಇಲ್ಲ; ಹಿನ್ನೆಲೆ ಬರೀ ಗದ್ದಲವೆಂದು ಕಲಿತಿದ್ದೆನಲ್ಲ.

ಮಾವ ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿದರು. "ಚಂದ ಉಂಟು ಮಾರಾಯ್ತಿ. ಮಾಲೆ ಒಂದು ಹಾಕ್ಲಿಕ್ಕೆ ಬಾಕಿ."

ನಾನು ನಕ್ಕೆ. ಅವರು ನಗಲಿಲ್ಲ. ಚಿತ್ರವನ್ನು ಬೋರಲು ಹಾಕಿ ಅತ್ತೆಯತ್ತ ತಿರುಗಿ, "ಗುರುವಾರದ್ದು ಬೇಡ. ಡಾಕ್ಟ್ರಿಗೆ ಫೋನ್ ಮಾಡಿ ಹೇಳು" ಎಂದರು. ಮಾವ ಮನೆಮಾತಾದ ತುಳುವಿನಲ್ಲಿ ಬೈದರೆ ಹೆದರಬೇಕಾಗಿಲ್ಲ. ಹೀಗೆ ಹೆಂಡತಿಯೊಡನೆ ತಣ್ಣಗೆ ಕನ್ನಡ ಮಾತಾಡಿದರೆ ಮುಗಿಯಿತು. ಅತ್ತೆ ನನ್ನ ಕೈಗೊಂದು ಕಾಫಿ ಲೋಟ ಕೊಟ್ಟು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಲೋಕಲ್ ರೈಲಿನಲ್ಲಿ ಹಿಂದಿರುಗುವಾಗ ನಾಚಿಕೆಯಿಂದ ನನಗೆ ಅಳು ಬಂತು.

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಮತ್ತೆ ಹೋದೆ. ಉಪದೇಶಕ್ಕೆ ಬಾಯಿರಲಿಲ್ಲ, ಮಾವನ ಪಕ್ಕ ಕೂತು ಮೊದಲು ಬಣ್ಣ ಮರಳಿಸಿದೆ, ಆಮೇಲೆ ಸುಮ್ಮನೆ ಬಿಳಿ ಕುಂಚ ಆಡಿಸತೊಡಗಿದೆ. ಗಲ್ಲೆಯ ಮೇಲಿನ ಸೋಂಪಿನ ತಟ್ಟೆ ಬಂತು, ಕಾಫಿಯ ಹಬೆ ಬಂತು. ಮಾವ ಓರೆಗಣ್ಣಲ್ಲಿ ನೋಡುತ್ತಿದ್ದವರು ತಡೆಯಲಾರದೆ, "ಗಡಿಯಾರ ಎಲ್ಲಿ? ಅದೂ ಬರ್ಲಿ. ಆ ಗೋಳಿಬಜೆ ಬೋರ್ಡು ಬರ್ಲಿ, ಬರೆದದ್ದು ನಾನೇ" ಎಂದು ಅಪ್ಪಣೆ ಕೊಡತೊಡಗಿದರು. ಕುಂಚ ಎಡಕ್ಕೆ ಸರಿದಾಗ ಬಳೆ ತೊಟ್ಟ ಒಂದು ಕೈ ಕಂಡಿತು, ಅಂಗೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ನೀರಿನ ಲೋಟ. ಆಮೇಲೆ ಅತ್ತೆಯ ಮುಖ. ನಾನು ಎಲ್ಲಕ್ಕಿಂತ ಮೊದಲು ಮುಚ್ಚಿದ್ದು ಅವರನ್ನೇ. ಒಲೆಯ ಮೇಲಿಟ್ಟ ಹಾಲನ್ನು ನೋಡುವ ಹಾಗೆ ಅವರು ಮಾವನನ್ನು ನೋಡುತ್ತಿದ್ದರು.

ಮಾವ ಪರದೆಯ ಹತ್ತಿರಕ್ಕೆ ಬಾಗಿದರು. "ಇವಳು ದಿನಾ ಹೀಗೇ ನೋಡ್ತಾಳಾ?"

"ಹೌದು ಮಾವ. ನೀವು ಮುಂದೆ ನೋಡ್ತಾ ಕೂತಿರ್ತೀರಿ, ನಿಮಗೆ ಕಾಣುವುದಿಲ್ಲ."

ಅವರು ಅಡುಗೆಮನೆಯತ್ತ ತುಳುವಿನಲ್ಲಿ ಕೂಗಿದರು: "ಡಾಕ್ಟ್ರಿಗೆ ಫೋನ್ ಮಾಡಿದಿಯಾ?"

"ಇಲ್ಲ," ಎಂದರು ಅತ್ತೆ ಒಳಗಿನಿಂದ.

"ಮಾಡ್ಬೇಡ."

ಬದುಕಿರುವವರ ಹಿಂದೆ ಏನಾದರೊಂದು ಇದ್ದೇ ಇರುತ್ತದೆ ಓದುಗರೇ. ಗಡಿಯಾರವೋ, ಗೋಳಿಬಜೆಯೋ, ಮಾತ್ರೆ ಹಿಡಿದು ನಿಂತ ಒಬ್ಬರೋ. ಇಷ್ಟನ್ನು ತಿಳಿಯಲು ನನಗೆ ಒಂದು ಕೋರ್ಸು ಬೇಕಾಯಿತು.

ಎರಡು ತಿಂಗಳ ಮೇಲೆ, ಎದೆಯ ಹೊಲಿಗೆ ಮಾಗಿ, ಸ್ವಲ್ಪ ಇಳಿದುಹೋದ ಮಾವ ಅತ್ತೆಯೊಡನೆ ನಮ್ಮಲ್ಲಿಗೆ ಊಟಕ್ಕೆ ಬಂದರು. ಕ್ಯಾಮೆರಾ ತೆಗೆದೆ, ನಿಲ್ಲಲು ಇದ್ದದ್ದು ಅದೊಂದೇ ಜಾಗ. ಕಲಿತ ವಿದ್ಯೆ ಸುಮ್ಮನಿರದೆ ನಾನು ಬಾಳೆಹಣ್ಣಿನ ಬುಟ್ಟಿ ಸರಿಸಲು ಕೈ ಚಾಚಿದಾಗ ಮಾವ ತಡೆದರು. "ಇರ್ಲಿ ಮಾರಾಯ್ತಿ. ಫ್ರಿಜ್ಜೂ ಪೂರ್ತಿ ಬರ್ಲಿ."

ಆ ಚಿತ್ರ ಆಲ್ಬಮ್ಮಿನಲ್ಲಿದೆ. ಮಾವ ಕ್ಯಾಮೆರಾ ನೋಡಿಲ್ಲ, ನಮ್ಮ ತರಗತಿಯಲ್ಲಾದರೆ ಅದನ್ನು ದೋಷವೆನ್ನುತ್ತಿದ್ದರು. ಮಾವ ಪಕ್ಕಕ್ಕೆ ತಿರುಗಿ ಅತ್ತೆಯನ್ನು ನೋಡುತ್ತಿದ್ದಾರೆ.