ಈಶ್ವರಪ್ಪ ಮಾವನ ವಿಮಾನ ಮತ್ತು ಒಂದು ಡಯೋಡು

ಮೊನ್ನೆ ಬೆಳಿಗ್ಗೆ ರೇಡಿಯೋ ಕೇಳುತ್ತ ಕೂತಿದ್ದೆ. ಒಳಗೆ ನನ್ನ ಹೆಂಡತಿ ನೀರಿನ ಮೋಟಾರು ಬಂದ್ ಮಾಡಿದಳು. ರೇಡಿಯೋದಲ್ಲಿ ಚಟ್ ಎಂದು ಸದ್ದಾಯಿತು. ನಿಮ್ಮ ಮನೆಯಲ್ಲೂ ಆಗುತ್ತಿರಬಹುದು, ನೀವು ಗಮನಿಸಿರಲಿಕ್ಕಿಲ್ಲ. ನನಗೆ ಮಾತ್ರ ಆ ಸದ್ದಿಗೆ ದಸ್ತಗೀರ್ ಸಾಹೇಬರು ನೆನಪಾಗುತ್ತಾರೆ.

ನನ್ನ ಸೋದರಮಾವ ಈಶ್ವರಪ್ಪನವರೂ ದಸ್ತಗೀರ್ ಸಾಹೇಬರೂ ವಾಯುಪಡೆಯಲ್ಲಿ ಒಟ್ಟಿಗೆ ದುಡಿದವರು. ಮಾವ ವಿಮಾನದ ಮೈ ನೋಡುವವರು, ಸಾಹೇಬರು ವೈರಿಂಗ್ ನೋಡುವವರು. ನಿವೃತ್ತರಾಗಿ ಮಾವ ಹೊನವಾಡಕ್ಕೆ ಬಂದರು, ಸಾಹೇಬರು ವಿಜಯಪುರದ ಜೋರಾಪುರ ಪೇಟೆಗೆ. ಸುಮ್ಮನೆ ಕೂರಲಾಗದೆ, ಮಾವನ ಒಣದ್ರಾಕ್ಷಿ ಶೆಡ್ಡಿನಲ್ಲಿ ಒಬ್ಬರೇ ಕೂರುವಂಥ ಪುಟ್ಟ ವಿಮಾನ ಕಟ್ಟತೊಡಗಿದರು. ಅದರಲ್ಲಿ ಮೊದಲು ಯಾರು ಕೂರಬೇಕೆಂಬ ಜಗಳವೇ ಅವರಿಗೆ ದಿನದ ಸಂತೋಷ.

ನಾನು ಕನ್ನಡ ಕಲಿಸುವವನು, ಫ್ಯೂಸು ಹೋದರೆ ಪಕ್ಕದ ಮನೆಯವರನ್ನು ಕರೆಯುವವನು. ಆದರೂ ರಿಲೇ ಎಂದರೇನೆಂದು ಸಾಹೇಬರು ಬೇಸರಿಸದೆ ತಿಳಿಸಿದ್ದರು. ಸಣ್ಣ ಸ್ವಿಚ್ಚು ಒತ್ತಿದರೆ ರಿಲೇಯ ಒಳಗಿನ ತಂತಿಸುರುಳಿ ಅಯಸ್ಕಾಂತವಾಗಿ, ದೊಡ್ಡ ಕರೆಂಟಿಗೆ ದಾರಿ ತೆರೆಯುತ್ತದೆ. ತೊಂದರೆ ಇರುವುದು ಸ್ವಿಚ್ಚು ಬಿಡುವಾಗ.

"ಒಮ್ಮಿಗೇ ಕರೆಂಟ್ ತಪ್ಪಿಸಿದ್ರ ಸುರುಳಿ ತಿರುಗಿ ಒದೀತೈತ್ರಿ. ಬ್ಯಾಟರಿ ಹನ್ನೆರಡು ವೋಲ್ಟಿಂದಿದ್ರೂ ನೂರಾರು ವೋಲ್ಟ್ ಏಳತೈತಿ" ಎಂದಿದ್ದರು. ಮೋಟಾರು ಬಂದ್ ಮಾಡಿದಾಗ ರೇಡಿಯೋದಲ್ಲಿ ಚಟ್ ಎನ್ನುವುದೂ ಇಂಥದೇ ಒದೆತವಂತೆ. ಸುರುಳಿಗೆ ಅಡ್ಡಲಾಗಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡು ಕಟ್ಟಿದರೆ ಆ ಒದೆತ ಅಲ್ಲೇ ಸುತ್ತಿ ತಣ್ಣಗಾಗುತ್ತದಂತೆ. ಜೀರಿಗೆಗಿಂತ ತುಸು ದೊಡ್ಡ ವಸ್ತು ಅದು.

ಎಂಜಿನ್ ಮೊದಲ ಸಲ ಚಾಲೂ ಮಾಡುವ ದಿನಕ್ಕೆ ಮಾವ ತಿಕೋಟಾ, ಬಬಲೇಶ್ವರದ ನೆಂಟರನ್ನೆಲ್ಲ ಕರೆದುಬಿಟ್ಟಿದ್ದರು. ಸ್ಟಾರ್ಟರ್ ರಿಲೇಯ ಡಯೋಡು ಮಾತ್ರ ಇನ್ನೂ ಬಂದಿರಲಿಲ್ಲ. ಸಾಹೇಬರು ತಡೆಯೋಣ ಎಂದರು. ಮಂದಿ ಬಂದು ಕೂತಿದ್ದಾರೆ, ಒಂದು ಸಲಕ್ಕೆ ಏನಾಗುತ್ತದೆ ಎಂದು ಮಾವ ಸ್ವಿಚ್ಚು ಒತ್ತಿಯೇ ಬಿಟ್ಟರು. ಎಂಜಿನ್ ಗುಡುಗಿತು, ಚಪ್ಪಾಳೆ ಬಿದ್ದವು. ಮಾವ ಸ್ವಿಚ್ಚಿನಿಂದ ಬೆರಳು ತೆಗೆದರು. ಓಡುತ್ತಲೇ ಇರಬೇಕಿದ್ದ ಎಂಜಿನ್ ನಿಂತೇಹೋಯಿತು. ಆ ಒದೆತಕ್ಕೆ, ಎಂಜಿನ್ನಿಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಸುಟ್ಟಿತ್ತು.

ನೆಂಟರು ಏನಾಯಿತೆಂದು ಕೇಳಿದರು. ಮಾವ ಅತ್ತ ಮುಖ ತಿರುಗಿಸಿ, "ವೈರಿಂಗ್ ಮಾಡಿದವರನ್ನ ಕೇಳ್ರಿ" ಎಂದರು.

ಸಾಹೇಬರು ಕೈ ಒರೆಸಿಕೊಂಡು, ಚೀಲ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿಗೆ ನಡೆದರು. ಮತ್ತೆ ಬರಲಿಲ್ಲ.

ಹೋಗಿ ಮಾತಾಡಿಸಿ ಎಂದು ನಾನು ಮಾವನಿಗೆ ಎಷ್ಟೋ ಸಲ ಹೇಳಿದೆ. ಹಬ್ಬ ಕಳೆಯಲಿ, ದ್ರಾಕ್ಷಿ ಸುಗ್ಗಿ ಮುಗಿಯಲಿ ಎನ್ನುತ್ತಿದ್ದರು. ಹಾಗೇ ವರ್ಷಗಳು ಹೋದವು. ಒಂದು ದಿನ ಸಾಹೇಬರು ತೀರಿಕೊಂಡ ಸುದ್ದಿ ಬಂತು. ಜೋರಾಪುರ ಪೇಟೆಗೆ ನಾನೇ ಮಾವನನ್ನು ಕರೆದುಕೊಂಡು ಹೋದೆ. ಮಾವ ಸಾಹೇಬರ ಹೆಂಡತಿಯ ಮುಂದೆ ತಲೆ ತಗ್ಗಿಸಿ ಕೂತರು.

"ಭಾಭಿ, ಅವತ್ತ ತಪ್ಪ ನಂದು. ಅಂವಂದಲ್ಲ."

"ಅವರಿಗೂ ಗೊತ್ತಿತ್ರಿ ಅಣ್ಣಾರ" ಎಂದರು ಆಕೆ. "ನೀವು ಬಂದು ಹೇಳತೀರಿ ಅಂತ ಕಾಯತಿದ್ರು."

ಆಮೇಲೆ ಮಾವ ಹೊಸ ಪೆಟ್ಟಿಗೆ ತರಿಸಿದರು, ಡಯೋಡನ್ನು ತಾವೇ ಬೆಸೆದರು. ಎಂಜಿನ್ ನಿಲ್ಲದೆ ಓಡಿತು. ಇನ್ನು ಪರವಾನಗಿ ಕೇಳಿ ಹಾರಿಸಬಹುದಲ್ಲ ಎಂದೆ.

"ಕೆಳಗ ನಿಂತು ನೋಡಾಂವ ಇಲ್ಲಲ್ಲೋ" ಎಂದರು.

ಮೊದಲಿನ ನಾನಾಗಿದ್ದರೆ ಇನ್ನೂ ಒತ್ತಾಯ ಮಾಡುತ್ತಿದ್ದೆ. ಈ ಭಾನುವಾರ ಹೊನವಾಡಕ್ಕೆ ಹೋಗಿದ್ದೆ. ವಿಮಾನದ ಮಾತು ತೆಗೆಯಲಿಲ್ಲ. ಸಂಜೆಯ ಬಸ್ಸು ಬರುವವರೆಗೆ ಮಾವನ ಪಕ್ಕ ಕಟ್ಟೆಯ ಮೇಲೆ ಕೂತಿದ್ದೆ.